ಅಂಬಾಸಿಡರ್‌ನ ಯು.ಜೆ. ಕ್ರಾಸ್: ನನ್ನ ಮತ ನಿಪ್ಪಲ್ ಇರುವುದಕ್ಕೇ

ತಂದೆಯವರ ಕಾಲದ 1984ರ ಅಂಬಾಸಿಡರ್ ಮಾರ್ಕ್ 4 ಇನ್ನೂ ನಮ್ಮ ಮನೆಯಲ್ಲಿದೆ. ಗೇರ್‌ಬಾಕ್ಸಿನ ತಿರುಗುಬಲವನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಅದರ ಉದ್ದನೆಯ ದಂಡವನ್ನು, ಅಂದರೆ ಪ್ರೊಪೆಲ್ಲರ್ ಶಾಫ್ಟನ್ನು, ಹದಿನಾಲ್ಕು ತಿಂಗಳಲ್ಲಿ ಎರಡು ಬಾರಿ ಇಳಿಸಿದ್ದೇನೆ. ಎರಡೂ ಸಲ ಬದಲಿಸಿದ್ದು ಅದರ ತುದಿಯ ಯೂನಿವರ್ಸಲ್ ಜಾಯಿಂಟಿನ (ಯು.ಜೆ.) ನಡುವೆ ಕೂರುವ ನಾಲ್ಕು ತೋಳಿನ ಕ್ರಾಸನ್ನು. ಮೊದಲ ಸಲ ಹಾಕಿದ್ದು ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಪುಟ್ಟ ಮೂತಿ) ಇಲ್ಲದ ಸೀಲ್ಡ್ ಕ್ರಾಸ್, ಎರಡನೆಯ ಸಲ ನಿಪ್ಪಲ್ ಇರುವುದು. ಮೊದಲೇ ನಿಪ್ಪಲ್ ಇರುವುದನ್ನು ತರಬೇಕಿತ್ತು.

ಕ್ರಾಸ್ ಸವೆದಿದೆಯೆಂದು ಕಾರು ತಾನೇ ಹೇಳುತ್ತದೆ. ರಿವರ್ಸ್‌ನಿಂದ ಮೊದಲ ಗೇರಿಗೆ ಬಂದು ಕ್ಲಚ್ ಬಿಟ್ಟೊಡನೆ ಅಡಿಯಲ್ಲಿ ‘ಟಣ್’ ಎನ್ನುತ್ತದೆ, ನಿಧಾನವಾಗಿ ಹೋಗುವಾಗ ತಾಳ ಹಾಕಿದಂತೆ ಕಿಚಗುಟ್ಟುತ್ತದೆ. ಆದರೆ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ಲಿನ ಗೇರುಗಳು) ಸವೆದರೂ ‘ಟಣ್’ ಸದ್ದು ಬರುತ್ತದೆ. ಅದಕ್ಕೇ ಚಕ್ರಗಳಿಗೆ ಅಡ್ಡ ಕೊಟ್ಟು, ಒಂದು ಕೈಯಲ್ಲಿ ಶಾಫ್ಟನ್ನೂ ಇನ್ನೊಂದರಲ್ಲಿ ಹಿಂದಿನ ಫ್ಲೇಂಜನ್ನೂ (ಶಾಫ್ಟನ್ನು ಬೋಲ್ಟಿನಿಂದ ಸೇರಿಸುವ ತಟ್ಟೆ) ಹಿಡಿದು ಎದುರುಬದುರಾಗಿ ತಿರುಚಿ ನೋಡಬೇಕು. ಎರಡರ ನಡುವೆ ಅಲುಗಾಟ ಕಂಡರೆ ತಪ್ಪು ಕ್ರಾಸ್‌ನದು. ಕ್ರಾಸ್‌ನ ತೋಳಿನ ತುದಿಗೆ ಕೂರುವ ಬೇರಿಂಗ್ ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಇದ್ದರೆ ಅನುಮಾನವೇ ಬೇಡ.

ಗುಜರಿಯಿಂದ ಇಡೀ ಹಳೆಯ ಶಾಫ್ಟನ್ನೇ ತರುವ ಮೂರನೆಯ ದಾರಿಯೂ ಇದೆ. ಅದರ ಕ್ರಾಸ್ ಎಷ್ಟು ಸವೆದಿದೆಯೋ ಯಾರಿಗೆ ಗೊತ್ತು, ನನಗೆ ಬೇಡ.

ಸೀಲ್ಡ್ ಕ್ರಾಸ್ ನನ್ನ ಒಂದು ಭಾನುವಾರವನ್ನು ಪೂರ್ತಿ ತಿಂದಿತು. ಗ್ರೀಸ್ ತುಂಬಿಯೇ ಬರುತ್ತದೆಂದು ನಂಬಿ, ಕಪ್ಪುಗಳನ್ನು ಹಾಗೆಯೇ ಬೆಂಚ್ ವೈಸ್‌ನಲ್ಲಿ ಒತ್ತಿದೆ. ಮೂರು ಕೂತವು. ನಾಲ್ಕನೆಯದು ಸರ್ಕ್ಲಿಪ್ (ಕಪ್ ಹೊರಬರದಂತೆ ತಡೆಯುವ ಉಂಗುರ) ಕೂರುವ ತೋಡಿಗೆ ಕೂದಲೆಳೆಯಷ್ಟು ಮೊದಲೇ ನಿಂತಿತು. ಸರ್ಕ್ಲಿಪ್ ದಪ್ಪವಿರಬೇಕೆಂದು ಬೇರೆ ಹಾಕಿ ನೋಡಿದೆ, ಆಗಲಿಲ್ಲ. ಯೋಕ್‌ನ (ಕ್ರಾಸನ್ನು ಹಿಡಿದಿಡುವ ಕವಲು) ರಂಧ್ರದಲ್ಲಿ ಮಣ್ಣಿರಬೇಕೆಂದು ಉಜ್ಜಿದೆ, ಆಗಲಿಲ್ಲ. ಇನ್ನೂ ಬಿಗಿ ಮಾಡಿದರೆ ಯೋಕ್ ಬಾಗುತ್ತದೆಂಬ ಭಯ. ಕೊನೆಗೆ ಕಪ್ಪನ್ನು ಹೊರತೆಗೆದಾಗ ಕಾರಣ ಕಂಡಿತು: ಕಪ್ಪಿನೊಳಗೆ ಸಾಲಾಗಿ ನಿಂತಿರಬೇಕಾದ ಸೂಜಿಗಳಲ್ಲಿ (ಬೇರಿಂಗಿನ ತೆಳು ರೋಲರ್‌ಗಳು) ಒಂದು ಜಾರಿ ತಳದಲ್ಲಿ ಅಡ್ಡ ಮಲಗಿತ್ತು. ಒಳಗಿನ ಗ್ರೀಸ್ ಅದನ್ನು ಹಿಡಿದು ನಿಲ್ಲಿಸುವಷ್ಟು ಇರಲೇ ಇಲ್ಲ. ಹೊಸ ಗ್ರೀಸ್ ಬಳಿದು, ಸೂಜಿಗಳನ್ನು ಒಂದೊಂದಾಗಿ ಅಂಟಿಸಿ, ಕ್ರಾಸ್‌ನ ತೋಳನ್ನು ಕಪ್ಪಿನೊಳಗೆ ಅರ್ಧ ತೂರಿಸಿಟ್ಟುಕೊಂಡೇ ಒತ್ತಿದ ಮೇಲೆ ಸರ್ಕ್ಲಿಪ್ ‘ಟಕ್’ ಎಂದು ಕೂತಿತು. ಕಪ್ ಪೂರ್ತಿ ಇಳಿಯದಿದ್ದರೆ ಸುತ್ತಿಗೆ ಎತ್ತಬೇಡಿ, ಮೊದಲು ಸೂಜಿ ಎಣಿಸಿ.

ಅಷ್ಟೆಲ್ಲ ಮಾಡಿದರೂ ಅದು ಒಂದೇ ಮಳೆಗಾಲಕ್ಕೆ ಮುಗಿಯಿತು. ಬಿಚ್ಚಿದಾಗ ಎರಡು ಕಪ್‌ಗಳು ಒಣಗಿ ತುಕ್ಕಿನಿಂದ ಕೆಂಪಾಗಿದ್ದವು, ತೋಳಿನ ಮೇಲೆ ಸೂಜಿಗಳ ಗೀರು ಉಗುರಿಗೆ ಸಿಗುತ್ತಿತ್ತು. ನೀರು ಒಳಗೆ ಹೋದರೆ ಹೊರದೂಡುವ ದಾರಿ ಸೀಲ್ಡ್ ಕ್ರಾಸ್‌ನಲ್ಲಿಲ್ಲ. ನಿಪ್ಪಲ್ ಇದ್ದರೆ ನಾಲ್ಕೂ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಗ್ರೀಸ್ ಗನ್ ಒತ್ತಿದರಾಯಿತು, ಹಳೆಯ ಕೊಳೆಯೂ ಅದರೊಂದಿಗೆ ಬರುತ್ತದೆ. ಜೋಡಿಸುವಾಗ ನಿಪ್ಪಲ್ ಶಾಫ್ಟಿನ ಕಡೆಗಿರಲಿ. ಫ್ಲೇಂಜ್ ಕಡೆ ತಿರುಗಿದ್ದರೆ ಗನ್ನಿನ ಮೂತಿ ತಲುಪುವುದಿಲ್ಲ.

ಬೆಲೆಯಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ. ಹಳೆಯ ಕ್ರಾಸನ್ನು ಅಂಗಡಿಗೆ ಒಯ್ದು, ಕಪ್ಪಿನ ಸುತ್ತಳತೆಯನ್ನೂ ತುದಿಯಿಂದ ತುದಿಗಿರುವ ಅಳತೆಯನ್ನೂ ತಾಳೆ ನೋಡಿಯೇ ಕೊಳ್ಳಿ.

ಶಾಫ್ಟ್ ಬಿಚ್ಚುವ ಮೊದಲು ಫ್ಲೇಂಜ್‌ಗೂ ಯೋಕ್‌ಗೂ ಸುಣ್ಣದ ಗೆರೆ ಎಳೆದುಕೊಳ್ಳಿ. ಓರೆಯಾಗಿ ತಿರುಗುವ ಒಂದು ಜಾಯಿಂಟ್ ಪ್ರತಿ ಸುತ್ತಿಗೆ ಎರಡು ಬಾರಿ ಶಾಫ್ಟನ್ನು ಚುರುಕಾಗಿಸಿ ನಿಧಾನಿಸುತ್ತದೆ, ಇನ್ನೊಂದು ಅದನ್ನು ಸರಿದೂಗಿಸುತ್ತದೆ. ಶಾಫ್ಟಿನ ಎರಡೂ ತುದಿಯ ಯೋಕ್‌ಗಳ ನೇರ ತಪ್ಪಿದರೆ ಹೊಸ ಕ್ರಾಸ್ ಹಾಕಿಯೂ ಕಾರು ನಡುಗುತ್ತದೆ.

ಕ್ರಾಸ್ ಬದಲಿಸಿಬಿಟ್ಟರೆ ಮತ್ತೆ ಆ ಕಡೆ ನೋಡದವರಿಗೆ, ಒಳಗೆ ಗ್ರೀಸ್ ಹೋಗಲು ರಂಧ್ರ ಕೊರೆಯದ ಗಟ್ಟಿ ಸೀಲ್ಡ್ ಕ್ರಾಸ್ ಸಾಕಾಗಬಹುದು. ನಾನು ಎಂಜಿನ್ ಆಯಿಲ್ ಬದಲಿಸಿದಾಗಲೆಲ್ಲ ಗನ್ ಹಿಡಿದು ಕೆಳಗೆ ಇಳಿಯುವವನು. ಅಂದು ಅಂಗಡಿಯಲ್ಲಿ ನಿಪ್ಪಲ್ ಇರುವ ಕ್ರಾಸ್ ಸಿಕ್ಕಿದ್ದು ಒಂದೇ ಆದ್ದರಿಂದ ಹಿಂದಿನ ಜಾಯಿಂಟಿಗಷ್ಟೇ ಹಾಕಿದ್ದೇನೆ. ಮುಂದಿನದನ್ನು ಮುಂಗಾರಿಗೆ ಮೊದಲೇ ಬದಲಿಸುತ್ತೇನೆ.