ರಟ್ಟಿನ ಮಾಸ್ಕಾ, ಫೋಕಸ್ ಮೋಟಾರಾ?

ನಕ್ಷತ್ರಗಳ ಫೋಟೋ ತೆಗೆಯುವುದು ನನ್ನ ಹವ್ಯಾಸ. ನನ್ನದು 130 ಮಿ.ಮೀ. ಕನ್ನಡಿಯ ನ್ಯೂಟೋನಿಯನ್ ಟೆಲಿಸ್ಕೋಪ್. ಫೋಕಲ್ ಲೆಂತ್ 650 ಮಿ.ಮೀ., ಅಂದರೆ ಕನ್ನಡಿಯ ಅಗಲದ ಐದು ಪಟ್ಟು. ಅದನ್ನೇ ಎಫ್/5 ಅನ್ನುತ್ತಾರೆ. ಮೊದಲೆಲ್ಲ ಲ್ಯಾಪ್‌ಟಾಪಿನಲ್ಲಿ ನಕ್ಷತ್ರವನ್ನು ದೊಡ್ಡದು ಮಾಡಿ ನೋಡುತ್ತಾ ಕೈಯಲ್ಲೇ ಫೋಕಸ್ ಮಾಡುತ್ತಿದ್ದೆ. ಮುಟ್ಟಿದರೆ ಸಾಕು, ನಕ್ಷತ್ರ ಕುಣಿಯುತ್ತಿತ್ತು. ಅದು ನಿಲ್ಲುವಷ್ಟರಲ್ಲಿ ಮೊದಲು ಹೇಗಿತ್ತು ಅನ್ನುವುದೇ ಮರೆತುಹೋಗುತ್ತಿತ್ತು.

ಆಮೇಲೆ ಬಹ್ತಿನೋವ್ ಮಾಸ್ಕ್ ಬಂತು. ರಷ್ಯಾದ ಹವ್ಯಾಸಿ ಪಾವೆಲ್ ಬಹ್ತಿನೋವ್ 2005ರಲ್ಲಿ ರೂಪಿಸಿದ್ದು. ಟೆಲಿಸ್ಕೋಪಿನ ಬಾಯಿಗೆ ಹಾಕುವ, ಸೀಳುಗಳಿರುವ ಒಂದು ಮುಚ್ಚಳ, ಅಷ್ಟೇ. ನಾನು ಕಪ್ಪು ರಟ್ಟಿನಲ್ಲಿ ಬ್ಲೇಡಿನಿಂದ ಕೊರೆದುಕೊಂಡೆ. ಒಂದು ಭಾನುವಾರ ಪೂರ್ತಿ ಹೋಯಿತು. ಅದನ್ನು ಹಾಕಿ ರೋಹಿಣಿಯಂಥ ಹೊಳೆಯುವ ನಕ್ಷತ್ರ ನೋಡಿದರೆ ಮೂರು ಗೆರೆ ಕಾಣುತ್ತವೆ. ಎರಡು ಗೆರೆ ಗುಣಾಕಾರದ ಗುರುತಿನ ಹಾಗೆ. ಮೂರನೆಯದು ನಟ್ಟನಡುವೆ ಬಂದರೆ ಫೋಕಸ್ ಕೂತಿತು. ಒಂದೇ ನಿಮಿಷದ ಕೆಲಸ. ತೆಗೆಯುವುದು ಮರೆತರೆ ಮಾತ್ರ ಕಷ್ಟ. ಒಮ್ಮೆ ನಲವತ್ತು ನಿಮಿಷ ಮುಚ್ಚಳ ಹಾಕಿಕೊಂಡೇ ಫೋಟೋ ತೆಗೆದಿದ್ದೇನೆ!

ಫೋಕಸರನ್ನು, ಅಂದರೆ ಫೋಕಸ್ ಹೊಂದಿಸುವ ಭಾಗವನ್ನು, ಕೈಯ ಬದಲು ತಿರುಗಿಸುವ ಮೋಟಾರ್ ಕೆಲಸ ಮಾಡುವ ರೀತಿ ಬೇರೆ. ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ, ಮೋಟಾರ್ ಎಲ್ಲ ನಡೆಸುವ ನೀನಾ (N.I.N.A.) ಸಾಫ್ಟ್‌ವೇರ್ ಅದನ್ನು ಹಂತ ಹಂತವಾಗಿ ಸರಿಸಿ, ಪ್ರತಿ ಸಲ ಫೋಟೋ ತೆಗೆದು, ನಕ್ಷತ್ರಗಳು ಎಷ್ಟು ದಪ್ಪ ಇವೆ ಎಂದು ಅಳೆಯುತ್ತದೆ. ಅಳತೆಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಇಳಿದು ಏರುತ್ತವೆ. ತಳ ಎಲ್ಲಿದೆಯೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ನನಗೆ ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ನಡುವೆ ಮೋಡ ಬಂದರೆ ಮೊದಲಿಂದ ಶುರು.

ಜನವರಿಯಲ್ಲಿ ಚಳ್ಳಕೆರೆ ಕಡೆಯ ಹೊಲವೊಂದರಲ್ಲಿ ಎರಡು ರಾತ್ರಿ ಕೃತ್ತಿಕೆಯನ್ನೇ ಹಿಡಿದೆ. ಒಂದು ರಾತ್ರಿ ಮಾಸ್ಕ್, ಮರುದಿನ ಮೋಟಾರ್. ನಿಜ ಹೇಳಬೇಕೆಂದರೆ, ಎಂಟು ಗಂಟೆಯ ಮೊದಲ ಫೋಟೋಗಳಲ್ಲಿ ಯಾವುದು ಯಾವುದರದ್ದು ಅಂತ ನನಗೇ ಗೊತ್ತಾಗಲಿಲ್ಲ.

ವ್ಯತ್ಯಾಸ ಕಂಡಿದ್ದು ಹನ್ನೊಂದರ ಮೇಲೆ. ಚಳಿ ಏರಿದಂತೆ ಉಕ್ಕಿನ ಕೊಳವೆ ಕುಗ್ಗುತ್ತದೆ. ನನ್ನ ಕೊಳವೆಯ ಉದ್ದಕ್ಕೆ ಒಂದು ಡಿಗ್ರಿಗೆ ಸುಮಾರು 8 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಎಫ್/5ರಲ್ಲಿ ಫೋಕಸ್ ಸರಿಯಾಗಿರುವ ಜಾಗ ಒಟ್ಟು 67 ಮೈಕ್ರಾನ್ ಆಸುಪಾಸು, ಒಂದು ತಲೆಗೂದಲಿನ ದಪ್ಪ. ನಡುವಿನಿಂದ ಆಚೆ ಈಚೆ ಅದರ ಅರ್ಧ ಮಾತ್ರ. ಆ ರಾತ್ರಿ 21 ಡಿಗ್ರಿಯಿಂದ 14ಕ್ಕೆ ಇಳಿಯಿತು. ಮಾಸ್ಕ್ ರಾತ್ರಿಯ ಕೊನೆಯ ಫೋಟೋಗಳಲ್ಲಿ ನಕ್ಷತ್ರಗಳು ಸಾಬೂದಾನಿಯಂತೆ ಊದಿಕೊಂಡಿದ್ದವು. ನಡುವೆ ಎದ್ದು ಮತ್ತೆ ಮಾಸ್ಕ್ ಹಾಕಬೇಕಿತ್ತು, ಕಂಬಳಿ ಬಿಟ್ಟು ಏಳಲಿಲ್ಲ. ಮೋಟಾರಿಗೆ ಆ ಸೋಮಾರಿತನ ಇಲ್ಲ. ಎರಡು ಡಿಗ್ರಿ ಇಳಿದರೆ ತಾನೇ ಮತ್ತೆ ಫೋಕಸ್ ಮಾಡಿಕೊಳ್ಳುತ್ತಿತ್ತು.

ಒಂದೆರಡು ಗಂಟೆಗೆ ಮಾತ್ರ ಕೂರುವವರು ಸುಮ್ನೆ ಮೋಟಾರಿಗೆ ದುಡ್ಡು ಹಾಕಬೇಡಿ. ರಾತ್ರಿಯಿಡೀ ಅಂದರೆ ಮೋಟಾರೇ ಬೇಕು.

ಆದರೂ ಮಾಸ್ಕ್ ಇನ್ನೂ ಚೀಲದಲ್ಲಿದೆ. ಕಳೆದ ತಿಂಗಳು ಮೋಟಾರ್ ಗುಂಯ್ ಅಂತ ತಿರುಗುತ್ತಿತ್ತು, ಆದರೆ ವಿ ಬರುವ ಕಡೆ ಸಪಾಟು ಗೆರೆ. ಅರ್ಧ ಗಂಟೆ ಸಾಫ್ಟ್‌ವೇರನ್ನು ಬೈದೆ. ಕೊನೆಗೆ ಮಾಸ್ಕ್ ಹಾಕಿ ಮೋಟಾರನ್ನು ಇನ್ನೂರು ಹೆಜ್ಜೆ ಓಡಿಸಿದೆ. ನಡುವಿನ ಗೆರೆ ಅಲ್ಲಾಡಲೇ ಇಲ್ಲ. ಮೋಟಾರನ್ನು ಫೋಕಸರಿಗೆ ಹಿಡಿದಿದ್ದ ಪುಟ್ಟ ಸ್ಕ್ರೂ ಸಡಿಲವಾಗಿತ್ತು.