ಹಾಸನದಲ್ಲಿ ಸ್ಕೌಟ್ ಸ್ಕಾರ್ಫ್ ಹೊಲಿಸೋದಾದ್ರೆ ಇಲ್ಲಿಗೆ ಹೋಗಿ

ಸಣ್ಣ ಟೈಲರ್ ಅಂಗಡಿ, ಬಸ್ ಸ್ಟ್ಯಾಂಡಿಂದ ನಡ್ಕೊಂಡು ಹೋಗೋ ದೂರ, ಬೋರ್ಡಲ್ಲಿ ಬರೀ ಸ್ಕೂಲ್ ಯೂನಿಫಾರ್ಮ್ ಅಂತಿದೆ, ಒಳಗಡೆ ಒಂದೇ ಮಿಷನ್. ನಮ್ ಟ್ರೂಪ್ ಮಕ್ಳಿಗೆ ಸ್ಕಾರ್ಫ್ ಬೇಕಿತ್ತು, ಎಲ್ಲಿ ಹೋದ್ರೂ ರೆಡಿಮೇಡ್ ಪಾಲಿಯೆಸ್ಟರ್ರೇ ಸಿಗೋದು, ಅದಕ್ಕೆ ವಾಗಲ್ (ಸ್ಕಾರ್ಫನ್ನ ಕುತ್ತಿಗೆ ಹತ್ರ ಹಿಡಿದಿಡೋ ಬಳೆ) ನಿಲ್ಲಲ್ಲ, ಪ್ರೇಯರ್ ಮುಗಿಯೋಷ್ಟರಲ್ಲಿ ಜಾರಿ ಹೊಟ್ಟೆ ಹತ್ರ ಬಂದಿರುತ್ತೆ. ಇವ್ರು ಕಾಟನ್ ತೋರ್ಸಿ, ಅಳತೆ ಕೇಳಿ ಹೊಲಿದ್ರು. ಮುಕ್ಕೋಣದ ಎರಡು ಬದಿ 75 ಸೆಂ.ಮೀ ಹೇಳಿದ್ದೆ, ಟೇಪ್ ಹಿಡಿದ್ರೆ ಕರೆಕ್ಟು, ಅಂಚು ಸಣ್ಣಕ್ಕೆ ಮಡಚಿ ಹೊಲಿದಿರೋದ್ರಿಂದ ಒಗೆದ್ರೂ ನೂಲು ಬಿಟ್ಟಿಲ್ಲ.

ನನಗೆ ತುಂಬಾ ಇಷ್ಟ ಆಗಿದ್ದು ಇನ್ನೊಂದು ಕೆಲ್ಸ. ನನ್ ಗಿಲ್‌ವೆಲ್ ಸ್ಕಾರ್ಫ್ (ಸ್ಕೌಟ್ ಮಾಸ್ಟರ್ ಟ್ರೈನಿಂಗ್ ಮುಗಿಸಿದವ್ರಿಗೆ ಕೊಡೋದು) ಹಿಂದಿರೋ ಚೌಕುಳಿ ತುಂಡು ಬಿಚ್ಚಿಕೊಂಡಿತ್ತು. ಟೈಲರ್ ಅದನ್ನ ಮಿಷನ್ನಿಗೆ ಹಾಕದೆ ಹಳೇ ಸೂಜಿ ತೂತಲ್ಲೇ ಕೈಹೊಲಿಗೆ ಹಾಕ್ತಾ ಇದ್ಯಾವ ಬಟ್ಟೆ ಸಾರ್ ಅಂದ್ರು. ಅದು ಸ್ಕಾಟ್ಲೆಂಡಿನ ಮ್ಯಾಕ್‌ಲಾರೆನ್ ಮನೆತನದ ಟಾರ್ಟನ್, ಅಂದ್ರೆ ಆ ಮನೆತನದ್ದೇ ಗುರುತಿನ ಚೌಕುಳಿ ಬಟ್ಟೆ. ಲಂಡನ್ ಹುಡುಗ್ರಿಗೆ ಕ್ಯಾಂಪ್ ಮಾಡಕ್ಕೆ ಜಾಗ ಇರ್ಲಿ ಅಂತ ಡಿ ಬೋಯ್ ಮ್ಯಾಕ್‌ಲಾರೆನ್ ಅನ್ನೋ ಸ್ಕಾಟಿಷ್ ಸ್ಕೌಟ್ ಕಮಿಷನರ್ 7000 ಪೌಂಡ್ ಕೊಟ್ಟು ಲಂಡನ್ ಹತ್ರದ ಗಿಲ್‌ವೆಲ್ ಪಾರ್ಕ್ ಕೊಡಿಸಿದ್ರು, 1919ರ ಸೆಪ್ಟೆಂಬರಲ್ಲೇ ಅಲ್ಲಿ ಸ್ಕೌಟ್ ಮಾಸ್ಟರ್‌ಗಳ ಮೊದಲ ಟ್ರೈನಿಂಗ್ ಆಯ್ತು, ಆ ಋಣಕ್ಕೇ ಈ ತುಂಡು. 1907ರ ಆಗಸ್ಟಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಹುಡುಗ್ರನ್ನ ಕರ್ಕೊಂಡು ಹೋಗಿ ಮೊದಲ ಕ್ಯಾಂಪ್ ಮಾಡಿದಾಗ ಜೊತೆಗಿದ್ದ ಅವರ ಮಿಲಿಟರಿ ಫ್ರೆಂಡ್ ಕೆನೆತ್ ಮ್ಯಾಕ್‌ಲಾರೆನ್ ಬೇರೆಯವ್ರು, ಟ್ರೈನಿಂಗಲ್ಲೂ ಎಷ್ಟೋ ಜನ ಇಬ್ಬರನ್ನೂ ಒಬ್ರೇ ಅನ್ಕೊಂಡಿರ್ತಾರೆ.

ಮ್ಯಾಕ್ ಅಂದ್ರೆ ಮಗ, ಮ್ಯಾಕ್‌ಲಾರೆನ್ ಅಂದ್ರೆ ಲಾರೆನ್ಸನ ಮಗ ಅಂದೆ. ಹಂಗಾದ್ರೆ ನಮ್ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಹೆಸ್ರು ಯಾರ ಮಗ ಅಂತ ಕೇಳಿದ್ರು, ಎಷ್ಟು ಒಳ್ಳೆ ಪ್ರಶ್ನೆ ನೋಡಿ! ಕ್ರಾಫರ್ಡ್ ಅನ್ನೋದು ಲ್ಯಾನಾರ್ಕ್‌ಷೈರಲ್ಲಿರೋ ಒಂದು ಊರು, ಅದ್ರಿಂದ ಬಂದ ಮನೆತನದ ಹೆಸ್ರು. ನಮ್ ಇನಿಷಿಯಲ್ಲಲ್ಲಿ ಒಬ್ರಿಗೆ ಊರು ಒಬ್ರಿಗೆ ಅಪ್ಪ ಇರಲ್ವಾ, ಅಲ್ಲೂ ಹಂಗೇ. ಈ ಮಾತುಕತೆ ಮಧ್ಯದಲ್ಲೂ ಒಂದು ಚೌಕ ಆಚೀಚೆ ಆಗಿಲ್ಲ, ಗೆರೆಗೆ ಗೆರೆ ಕೂತಿದೆ. ಕೈಹೊಲಿಗೆಗೆ ದುಡ್ಡೂ ತಗೊಳ್ಳಲಿಲ್ಲ.

ಹಗ್ಗ ಮಾತ್ರ ಇಲ್ಲಿ ತಗೋಬೇಡಿ. ನೈಲಾನು, ರೀಫ್ ನಾಟ್ (ಸ್ಕೌಟ್ ಮಕ್ಳು ಕಲಿಯೋ ಒಂದು ಗಂಟು) ಹಾಕಿದ್ರೆ ಜಾರುತ್ತೆ, ಕಲಿಯೋ ಮಕ್ಳಿಗೆ ಕಾಟನ್ ಹಗ್ಗನೇ ಬೇಕು. ಸ್ಕೌಟ್ ಯೂನಿಫಾರ್ಮಿನ ಬೆರೆ (beret) ಟೋಪಿ ಸಣ್ಣ ಸೈಜ್ ಇರ್ಲಿಲ್ಲ, ತರಿಸಿಕೊಡ್ತೀನಿ ಅಂದಿದಾರೆ.

ನವೆಂಬರ್ 7ರ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥಾಪನಾ ದಿನಕ್ಕೆ ಬೇಕು ಅನ್ನೋರು ದಸರಾ ರಜಕ್ಕೆ ಮುಂಚೆನೇ ಅಳತೆ ಕೊಟ್ಬಿಡಿ, ಆಮೇಲೆ ರಾಜ್ಯೋತ್ಸವದ ಡ್ರೆಸ್ಸುಗಳೂ ಸೇರ್ಕೊಂಡು ಅವ್ರಿಗೆ ಪುರುಸೊತ್ತೇ ಇರಲ್ಲ.