ಕೆಂಪು ಮಾತ್ರೆಯೋ ದುಬಾರಿ ಸ್ಟ್ರಿಪ್ಪೋ: ನಾಲ್ಕು ಬಗೆಯ ಕಬ್ಬಿಣಾಂಶದ ಹೋಲಿಕೆ

ಮೆಡಿಕಲ್ ಶಾಪಿನಲ್ಲಿ 'ಐರನ್ ಮಾತ್ರೆ ಕೊಡಿ' ಅಂದರೆ ಕೈಗೆ ಬರುವುದು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು: ಫೆರಸ್ ಸಲ್ಫೇಟ್, ಫೆರಸ್ ಆಸ್ಕಾರ್ಬೇಟ್, ಫೆರಸ್ ಬಿಸ್‌ಗ್ಲೈಸಿನೇಟ್ ಅಥವಾ ಐರನ್ ಪಾಲಿಮಾಲ್ಟೋಸ್. ಬೆಲೆಯಲ್ಲಿ ಅಜಗಜಾಂತರ. ಗುಣದಲ್ಲಿ ಅಷ್ಟೊಂದಿಲ್ಲ.

ಹೋಲಿಸುವ ಮುಂಚೆ ಸ್ಟ್ರಿಪ್ ತಿರುಗಿಸಿ ಹಿಂಬದಿ ಓದಿ. ಮುಂದೆ ದಪ್ಪಕ್ಷರದಲ್ಲಿರುವ ಮಿಲಿಗ್ರಾಂ ಎಷ್ಟೋ ಸಲ ಲವಣದ, ಅಂದರೆ ಕಬ್ಬಿಣ ಕೂಡಿರುವ ಇಡೀ ರಾಸಾಯನಿಕದ ತೂಕ, ಕಬ್ಬಿಣದ್ದಲ್ಲ. 200 ಮಿ.ಗ್ರಾಂ ಒಣ ಫೆರಸ್ ಸಲ್ಫೇಟಿನಲ್ಲಿ ಕಬ್ಬಿಣ ಸುಮಾರು 65 ಮಿ.ಗ್ರಾಂ. ಕೆಲವು ಮಾತ್ರೆಗಳಲ್ಲಿರುವ ಬೇರೆ ಲವಣಗಳಾದ ಫೆರಸ್ ಫ್ಯೂಮರೇಟಿನಲ್ಲಿ ಮೂರರಲ್ಲೊಂದು ಪಾಲು, ಫೆರಸ್ ಗ್ಲುಕೊನೇಟಿನಲ್ಲಿ ಬರೀ ಶೇ. 12, ಅಂದರೆ 300 ಮಿ.ಗ್ರಾಂ ಮಾತ್ರೆ ನುಂಗಿದರೂ ಹೊಟ್ಟೆಗೆ ಹೋಗುವ ಕಬ್ಬಿಣ 36. 'ಎಲಿಮೆಂಟಲ್ ಐರನ್' (ಬರೀ ಕಬ್ಬಿಣದ ತೂಕ) ಎಂದು ಬರೆದಿರುವ ಅಂಕಿಯೊಂದನ್ನೇ ಒಂದಕ್ಕೊಂದು ಇಟ್ಟು ನೋಡಬೇಕು. ಆ ಅಂಕಿಯೇ ಇಲ್ಲದ ಟಾನಿಕ್ಕನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮೊದಲು ಸರ್ಕಾರಿ ಕೆಂಪು ಮಾತ್ರೆ. ಪಿಎಚ್‌ಸಿಯಲ್ಲೋ ಆಶಾ ಕಾರ್ಯಕರ್ತೆಯ ಕೈಯಲ್ಲೋ ಪುಕ್ಕಟೆ ಸಿಗುವ ಇದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಶಾಲೆಯಲ್ಲಿ ಹದಿಹರೆಯದವರಿಗೆ ವಾರಕ್ಕೊಂದರಂತೆ ಕೊಡುವ ನೀಲಿ ಮಾತ್ರೆಯಲ್ಲೂ ಅಷ್ಟೇ ಇದೆ, ಬಣ್ಣ ಮಾತ್ರ ಬೇರೆ. ಒಳಗಿರುವುದು ಫೆರಸ್ ಸಲ್ಫೇಟ್. ರಕ್ತ ಏರಿಸುವುದರಲ್ಲಿ ಇದನ್ನು ಹಿಂದಿಕ್ಕುವ ದುಬಾರಿ ಮಾತ್ರೆ ನಮಗಂತೂ ಕಂಡಿಲ್ಲ. ತಕರಾರು ಹೊಟ್ಟೆಯದು: ನುಂಗಿದ ಅರ್ಧ–ಮುಕ್ಕಾಲು ಗಂಟೆಗೆ ಹೊಟ್ಟೆ ತೊಳಸಿ, ಬಾಯಲ್ಲಿ ತುಕ್ಕಿನ ರುಚಿ, ಆಮೇಲೆ ಮಲಬದ್ಧತೆ. ಮಳೆಗಾಲದಲ್ಲಿ ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಿಟ್ಟರೆ ಸಕ್ಕರೆ ಲೇಪ ಬೆವತು ಬಣ್ಣ ಬೆರಳಿಗೆ ಅಂಟುತ್ತದೆ. ಆಗ ಬರುವ ಕಬ್ಬಿಣದ ವಾಸನೆಗೇ ಬಸುರಿಯರು ಮಾತ್ರೆ ಕೈಬಿಡುವುದುಂಟು. ಸ್ಟ್ರಿಪ್ಪಿನಲ್ಲೇ ಇರಲಿ.

ಆಸ್ಕಾರ್ಬೇಟ್ ಖಾಸಗಿ ವೈದ್ಯರ ಚೀಟಿಯಲ್ಲಿ ಹೆಚ್ಚು ಕಾಣುವ ಹೆಸರು. ಸಾಮಾನ್ಯವಾಗಿ 100 ಮಿ.ಗ್ರಾಂ ಕಬ್ಬಿಣ, 1.5 ಮಿ.ಗ್ರಾಂ ಫೋಲಿಕ್ ಆಮ್ಲ. ಸಿ ಜೀವಸತ್ವ ಜತೆಗೇ ಇರುವುದರಿಂದ ಕಬ್ಬಿಣ ಹೀರಲ್ಪಡಲು ಅನುಕೂಲ ಎಂಬುದು ಇದರ ವಾದ. ಸರಿಯೇ, ಆದರೆ ಕೆಂಪು ಮಾತ್ರೆಯ ಜತೆ ಒಂದು ಲೋಟ ಲಿಂಬೆ ಶರಬತ್ತು ಕುಡಿದರೂ ಅದೇ ಕೆಲಸ ಆಗುತ್ತದೆ. 60 ಇದ್ದದ್ದು 100 ಆಯಿತೆಂದು ಲಾಭ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಹೀರಲಾಗದೆ ಉಳಿದ ಕಬ್ಬಿಣ ಕರುಳಲ್ಲೇ ಕೂತು ಕಾಟ ಕೊಡುತ್ತದೆ.

ಬಿಸ್‌ಗ್ಲೈಸಿನೇಟ್ ಹೊಟ್ಟೆಗೆ ಹಿತ, ವಾಕರಿಕೆ ಕಡಿಮೆ. ಧಾನ್ಯ, ಕಾಳುಗಳಲ್ಲಿದ್ದು ಕಬ್ಬಿಣ ಹೀರಲು ಅಡ್ಡಿಮಾಡುವ ಫೈಟೇಟ್ ಇದರ ತಂಟೆಗೆ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ತಿಂಡಿಯ ಜತೆ ತೆಗೆದುಕೊಂಡರೂ ನಡೆದೀತು. ಆನ್‌ಲೈನಿನಲ್ಲಿ ಸಿಗುವ ವಿದೇಶಿ ಕ್ಯಾಪ್ಸೂಲುಗಳಲ್ಲಿ ಅನೇಕವು 18, 25 ಅಥವಾ 36 ಮಿ.ಗ್ರಾಂನವು. ತೀವ್ರ ರಕ್ತಹೀನತೆಗೆ ಅಷ್ಟು ಸಾಲದು. ಸಲ್ಫೇಟ್ ಖಂಡಿತಾ ಒಗ್ಗದವರಿಗೆ ಮಾತ್ರ ಇದಕ್ಕೆ ದುಡ್ಡು ಹಾಕಿ ಅನ್ನುತ್ತೇವೆ.

ಪಾಲಿಮಾಲ್ಟೋಸ್ ಸಿರಪ್ಪಿನ ರುಚಿ ಚೆನ್ನ, ಹಲ್ಲು ಕಪ್ಪಾಗಿಸುವುದೂ ಕಡಿಮೆ, ಊಟದ ಜತೆ ಕೊಡಬಹುದು. ರಕ್ತ ಏರಿಸುವುದರಲ್ಲಿ ಮಾತ್ರ ನಾಲ್ಕರಲ್ಲಿ ಕೊನೆಯದು. ನಿಧಾನವಾಗಿ ಕರಗುವ, ಎಂಟೆರಿಕ್ ಲೇಪದ (ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗುವ) ಕಬ್ಬಿಣದ ಮಾತ್ರೆಗಳೂ ಇವೆ, ಅವು ಬೇಡ. ಕಬ್ಬಿಣ ಹೀರುವುದು ಸಣ್ಣಕರುಳಿನ ಮೊದಲ ಭಾಗ. ಆ ಜಾಗ ದಾಟಿದ ಮೇಲೆ ಕರಗಿ ಏನು ಪ್ರಯೋಜನ?

ಯಾವ ಮಾತ್ರೆ ಎನ್ನುವುದಕ್ಕಿಂತ ಯಾವಾಗ ಎನ್ನುವುದರಲ್ಲಿ ಹೆಚ್ಚು ಕೆಡುತ್ತದೆ. ತಿಂಡಿ ಮುಗಿಸಿ ಮೇಲೊಂದು ಕಾಫಿ, ಅದರ ಜತೆಗೇ ಮಾತ್ರೆ: ನಮ್ಮ ಕಡೆ ನಡೆಯುವುದು ಹೀಗೆ, ಅರ್ಧ ಮಾತ್ರೆ ಅಲ್ಲೇ ದಂಡ. ಕಾಫಿ, ಟೀ, ಹಾಲು, ಮಜ್ಜಿಗೆ ಎಲ್ಲವೂ ಅಡ್ಡಗಾಲು. ತಿಂಡಿಗೂ ಊಟಕ್ಕೂ ನಡುವೆ, ಹನ್ನೊಂದರ ಸುಮಾರಿಗೆ, ದೊಡ್ಡ ಲೋಟ ನೀರು ಅಥವಾ ಲಿಂಬೆ ಶರಬತ್ತಿನ ಜತೆ ತೆಗೆದುಕೊಳ್ಳಿ, ಆಮೇಲೆ ಒಂದೆರಡು ಗಂಟೆ ಕಾಫಿ ಬೇಡ. ರಾತ್ರಿ ನುಂಗುವವರು ತಕ್ಷಣ ಮಲಗಬಾರದು, ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆಯನ್ನೂ ಜತೆಗೇ ಕೊಟ್ಟು ಕಳಿಸುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣಕ್ಕೆ ಪೆಟ್ಟು, ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಯಾದರೆ ನಾಲ್ಕು ಗಂಟೆ. ಗ್ಯಾಸ್ಟ್ರಿಕ್ಕಿಗೆಂದು ದಿನವೂ ಮಾತ್ರೆ ನುಂಗುವವರಲ್ಲಿ ಹೊಟ್ಟೆಯ ಆಮ್ಲ ಕಡಿಮೆಯಾಗಿ ಕಬ್ಬಿಣ ಸರಿಯಾಗಿ ಒಳಗಿಳಿಯುವುದಿಲ್ಲ.

ಹೊಟ್ಟೆ ತಾಳದವರು ದಿನ ಬಿಟ್ಟು ದಿನ ತೆಗೆದುಕೊಂಡು ನೋಡಬಹುದು. 60 ಮಿ.ಗ್ರಾಂ ಒಳಗೆ ಹೋದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಸುಮಾರು ಒಂದು ದಿನದ ತನಕ ಅದು ಕಬ್ಬಿಣ ಹೀರುವ ಬಾಗಿಲನ್ನು ಅರೆಮುಚ್ಚುತ್ತದೆ. ಮರುದಿನದ ಮಾತ್ರೆಯ ಕಬ್ಬಿಣ ಅದೇ ಕಾರಣಕ್ಕೆ ಕಡಿಮೆ ಹಿಡಿಯುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಎನ್ನುವುದಂತೂ ಹೊಟ್ಟೆಗೆ ಸುಮ್ಮನೆ ಶಿಕ್ಷೆ. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ದಿನದ ಲೆಕ್ಕ ಬದಲಿಸಬಾರದು.

ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಾಗಿ, ಕೆಟ್ಟ ವಾಸನೆ ಬಂದರೆ ಅದು ರಕ್ತಸ್ರಾವ ಇರಬಹುದು, ಕೂಡಲೇ ತೋರಿಸಿ. ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ಬ್ರ್ಯಾಂಡ್ ಬದಲಿಸಬೇಡಿ, ಕಾರಣ ಹುಡುಕಿ: ಹೆಚ್ಚು ಮುಟ್ಟಿನ ಸ್ರಾವ, ಮೂಲವ್ಯಾಧಿ, ಕೊಕ್ಕೆಹುಳು ಅಥವಾ ಥಲಸ್ಸೀಮಿಯಾ ಮೈನರ್ ಎಂಬ ಹುಟ್ಟಿನಿಂದ ಬರುವ ರಕ್ತದೋಷ. ಕೊನೆಯದರಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೂ ಕಬ್ಬಿಣದ ಕೊರತೆ ಇರಲೇಬೇಕೆಂದಿಲ್ಲ, ಆದ್ದರಿಂದ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಮಾತ್ರೆ ನುಂಗುವುದು ತಪ್ಪು. ಕೊರತೆ ಇದ್ದು ರಕ್ತ ಏರಿದವರು ಅಲ್ಲಿಗೇ ನಿಲ್ಲಿಸದೆ ಇನ್ನೂ ಮೂರು ತಿಂಗಳು ಮುಂದುವರಿಸಬೇಕು, ದೇಹದ ದಾಸ್ತಾನು ತುಂಬುವುದು ಆಗಲೇ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸ್ಟ್ರಿಪ್ ಬೀಗದೊಳಗಿರಲಿ. ಕೆಂಪು ಮಾತ್ರೆ ನೋಡಲು ಥೇಟ್ ಪೆಪ್ಪರಮೆಂಟು, ಮೇಲೆ ಸಿಹಿ ಬೇರೆ. ಹತ್ತು ಕಿಲೋ ತೂಕದ ಮಗು ಹತ್ತು ಮಾತ್ರೆ ತಿಂದರೆ ಕಿಲೋಗೆ 60 ಮಿ.ಗ್ರಾಂ ಆಯಿತು, ಅದು ಜೀವಕ್ಕೇ ಅಪಾಯ ತರುವ ಮಟ್ಟ. ವಾಂತಿ ನಿಂತು ಮಗು ಗೆಲುವಾದಂತೆ ಕಂಡರೂ ಕಾಯಬಾರದು, ಉಳಿದ ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಓಡಬೇಕು.